ಬಾಗಿಲ ಮುಂದಿನ ಹಲಗೆ ಜಗಲಿ

ಬಾಣದಹಳ್ಳಿ, ಹುಳಿಯಾರು ಹೋಬಳಿ
14 ಆಗಸ್ಟ್ 2025, ಗುರುವಾರ

ಪ್ರೀತಿಯ ತಮ್ಮ ರಂಗನಾಥನಿಗೆ, ನಿನ್ನ ಅಣ್ಣಯ್ಯ ಗಂಗಾಧರಯ್ಯ ಬರೆಯುತ್ತಿರುವ ಕಾಗದ.

ಈ ಕಾಗದದಲ್ಲಿ ಒಂದು ಕಥೆ ಬರುತ್ತದೆ. ಅದನ್ನು ಮೊದಲು ಹೇಳಿದ್ದು ನಾನಲ್ಲ, ನಿನ್ನ ಹೆಂಡತಿ ಸುನಂದಾ. ಹೇಳಿದ್ದು ಮೊನ್ನೆ ಶ್ರಾವಣ ಸೋಮವಾರ, ಹೊತ್ತು ಮುಳುಗುವ ಸಮಯದಲ್ಲಿ. ಆದರೆ ಕಥೆಗೆ ಮುಂಚೆ ನಿನ್ನ ಸಮಾಚಾರ ಕೇಳಬೇಕು. ಬೆನ್ನು ಹೇಗಿದೆ? ಮಲಗಿ ಮಲಗಿ ಆಗಿದ್ದ ಹುಣ್ಣು ಮಾಯುತ್ತಿದೆ ಎಂದು ಸುನಂದಾ ಹೇಳಿದಳು. ನಮಗೆ ನೋವಾಗಬಾರದೆಂದು ಎಲ್ಲವನ್ನೂ ಅರ್ಧ ಮಾಡಿ ಹೇಳುವವಳು ಅವಳು, ಆದ್ದರಿಂದ ನೀನೇ ಬರೆ. ಗಾಲಿ ಕುರ್ಚಿ ತಳ್ಳಿ ಅಂಗೈಯಲ್ಲಿ ಬೊಬ್ಬೆ ಬಂದಿದೆಯಂತೆ. ಕೊಬ್ಬರಿ ಎಣ್ಣೆ ಕಳಿಸಿದ್ದೇವೆ, ಹಚ್ಚಿಕೋ. ಮೈಸೂರಿನ ಆ ಆಸ್ಪತ್ರೆಯವರು ಮುದ್ದೆ ಕೊಡುತ್ತಾರೋ, ಇಲ್ಲ ಮೂರು ಹೊತ್ತೂ ಅನ್ನವೇ ಬಡಿಸುತ್ತಾರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಎರಡು ಸಲ ‘ಹೂಂ’ ಅಂದು ‘ಇಡ್ಲಾ ಅಣ್ಣಯ್ಯ’ ಅಂತ ಇಟ್ಟೇ ಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ನಾನು ಈ ಐದು ತಿಂಗಳಲ್ಲಿ ಒಂದೇ ಸಲ ನಿನ್ನನ್ನು ನೋಡಲು ಬಂದೆ, ಅದೂ ವಾರ್ಡಿನ ಬಾಗಿಲಲ್ಲೇ ನಿಂತು ‘ಬಸ್ಸಿಗೆ ಹೊತ್ತಾಯ್ತು’ ಎಂದು ವಾಪಸು ಬಂದೆ. ನೀನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಇಟ್ಟುಕೋ, ಅದು ತಪ್ಪೇ.

ಇಲ್ಲಿ ಮಳೆ ಬಂದ ಹಾಗೆ ಮಾಡಿ ಹೋಗುತ್ತಿದೆ. ಬೋರನಕಣಿವೆ ಅಣೆಕಟ್ಟಿಗೆ ನೀರು ಬಂದಿದೆ ಎನ್ನುತ್ತಾರೆ, ನಾನು ಹೋಗಿ ನೋಡಿಲ್ಲ. ಕೆಂದಹಸು ಕರು ಹಾಕಿದೆ, ಹೆಣ್ಣು. ನಿನ್ನ ಅತ್ತಿಗೆ ಚಿಕ್ಕಗೌರಮ್ಮನ ಮಂಡಿ ನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ. ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ತೋಟಕ್ಕೆ ಹೋಗಬೇಕು ಅನ್ನಿಸುತ್ತದೆ, ತೋಟಕ್ಕೆ ಹೋದರೆ ಮನೆಯಲ್ಲಿ ಏನೋ ಬಿದ್ದ ಹಾಗೆ ಕೇಳಿಸುತ್ತದೆ.

ಹೋದ ತಿಂಗಳು ನೀನು ಸುನಂದಾಗೆ ಒಂದು ಮಾತು ಹೇಳಿದ್ದೆಯಂತೆ. ಎರಡು ದಿನ ಅವಳು ಅದನ್ನು ನುಂಗಿಕೊಂಡಿದ್ದು, ಮೂರನೆಯ ದಿನ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದಳು: ‘ನಾಲ್ಕು ಜನ ಹೊತ್ಕೊಂಡು ಹತ್ತಿಸಿ ಇಳಿಸೋ ಮನೆಗೆ ನಾನು ಬರಲ್ಲ ಕಣೇ. ನಾಲ್ಕು ಜನ ಹೊರೋದು ಬಾಳಿಗೆ ಒಂದು ಸಲ ಸಾಕು. ಇಲ್ಲೇ ಕುರ್ಚಿ ರಿಪೇರಿ ಕೆಲಸ ಕೊಡ್ತಾರಂತೆ, ಇಲ್ಲೇ ಇರ್ತೀನಿ.’ ಚಿಕ್ಕಗೌರಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಕೆಳಗಿಟ್ಟಳು. ನಮ್ಮ ಮನೆಯ ಐದು ಮೆಟ್ಟಿಲನ್ನು ಅಲ್ಲಿಯ ತನಕ ನಾನು ಎಣಿಸಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಹತ್ತಿ ಇಳಿದ ಮೆಟ್ಟಿಲನ್ನು ಯಾರು ಎಣಿಸುತ್ತಾರೆ? ಆವತ್ತು ಕೈ ತೊಳೆದು ಹೋಗಿ ಎಣಿಸಿದೆ. ಮೂರಡಿ ಎತ್ತರ.

ಹಾಗೆ ಶುರುವಾಯಿತು ಈ ಹಲಗೆ ಜಗಲಿ. ಹೊಸ್ತಿಲಿನ ಮಟ್ಟಕ್ಕೇ ಬಾಗಿಲ ಮುಂದೆ ಒಂದು ಜಗಲಿ, ಅದರ ತುದಿಯಿಂದ ಬಾವಿಯ ಕಡೆಗೆ ಇಳಿಜಾರು. ಕುರ್ಚಿಯಲ್ಲಿ ಕೂತವನು ಯಾರ ಕೈಯನ್ನೂ ಹಿಡಿಯದೆ ಒಳಗಿನಿಂದ ತೋಟಕ್ಕೆ ಹೋಗಬೇಕು, ತೋಟದಿಂದ ಒಳಗೆ ಬರಬೇಕು. ಮಣ್ಣು ತುಂಬಿಸಿ ಸಿಮೆಂಟ್ ಹಾಕೋಣವೆಂದರೆ ಬಾಗಿಲ ಮುಂದೆಯೇ ಅಜ್ಜನ ಕಾಲದ ಹಗೇವು ಇದೆಯಲ್ಲ. ರಾಗಿ ತುಂಬುತ್ತಿದ್ದ ಆ ಗುಂಡಿ ಈಗ ಬರಿದು, ಮೇಲೆ ಅಷ್ಟು ಭಾರ ಹಾಕಿದರೆ ಕುಸಿಯುತ್ತದೆ. ಆದ್ದರಿಂದ ಮರದ್ದೇ ಆಗಬೇಕು. ಮರದ್ದು ಅಂದರೆ ಆಂಜನಪ್ಪ. ನಿನ್ನ ಕೈಕೆಳಗೆ ಹದಿನೆಂಟು ವರ್ಷ, ತೆಂಗಿನಕಾಯಿ ಒಣಗಲು ತುಂಬಿಡುವ ಕೊಬ್ಬರಿ ಅಟ್ಟ ಕಟ್ಟಿದವನು. ಕರೆದ ದಿನವೇ ಉಳಿ, ಬಾಚಿ ತೆಗೆದುಕೊಂಡು ಬಂದ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಸುನಂದಾ ಓದಿದಳು, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು ಅಂತ. ಆಂಜನಪ್ಪ ಬೆರಳು ಮಡಚಿ ಲೆಕ್ಕ ಹಾಕಿ, ‘ಮೂವತ್ತಾರು ಅಡಿನಾ! ಇದು ಇಳಿಜಾರಾ ಅಣ್ಣ, ಹುಳಿಯಾರು ರಸ್ತೇನಾ? ನಡುವೆ ಒಂದು ಬಸ್‌ಸ್ಟಾಪ್ ಕಟ್ಟಿಬುಡ್ಲಾ?’ ಅಂದ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಎಲ್ಲರೂ ನಕ್ಕೆವು.

ನಿನಗೆ ಗೊತ್ತಲ್ಲ, ನಮ್ಮ ಕಡೆಯವರಿಗೆ ಮರದಲ್ಲಿ ಏನು ಕಟ್ಟಲು ಹೇಳಿದರೂ ಕೊನೆಗೆ ಅದು ಅಟ್ಟವೇ ಆಗುತ್ತದೆ. ಆಂಜನಪ್ಪ ಹಲಗೆಗಳ ನಡುವೆ ಎರಡೆರಡು ಬೆರಳು ಸಂದು ಬಿಟ್ಟು ಹೊಡೆದ. ಯಾಕೋ ಎಂದರೆ, ‘ಗಾಳಿ ಆಡ್ಬೇಕಲ್ಲಣ್ಣ, ಇಲ್ದಿದ್ರೆ ಕಾಯಿ ಕೊಳೀತದೆ’ ಅಂದ! ಚಿಕ್ಕಗೌರಮ್ಮ ಎಲೆಅಡಿಕೆ ಸಂಚಿ ಹಿಡಿದು ನೋಡಲು ಬಂದವಳು ಅಡಕತ್ತರಿ ಜಾರಿಸಿದಳು, ಅದು ಸಂದಿನಲ್ಲಿ ಇಳಿದು ಕೆಳಗೆ ಬಿತ್ತು. ‘ಲೇ ಆಂಜಿ, ನನ್ನ ಕತ್ತರೀನೇ ನುಂಗ್ತಲ್ಲೋ ನಿನ್ನ ಜಗಲಿ, ರಂಗನ ಗಾಲಿನ ಬುಡ್ತದಾ? ಅಲ್ಲಿ ಮಲಗೋದು ಕಾಯಲ್ಲ ಕಣ್ಲಾ, ಓಡಾಡೋದು ನಮ್ಮ ಹುಡುಗ’ ಎಂದು ಅವನ ಜನ್ಮ ಜಾಲಾಡಿದಳು. ಐವತ್ತು ತುಂಬಿದರೂ ಅವಳಿಗೆ ನೀನು ಹುಡುಗನೇ. ಆಂಜನಪ್ಪ ಬಾಯಿ ಮುಚ್ಚಿಕೊಂಡು ಎಲ್ಲ ಹಲಗೆ ಕಿತ್ತು ಒತ್ತಾಗಿ ಹೊಡೆದ.

ಆದರೆ ಆ ಹಲಗೆ ಮುಚ್ಚುವ ಮುಂಚಿನ ಒಂದು ಮಾತು ಇದೆ. ಅದನ್ನು ಬರೆಯದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ತೊಲೆಗಳಿಗೆ ಕೆಳಗಿನ ತೋಟದ ಎರಡು ಹಳೆಯ ತೆಂಗಿನ ಮರ ಉರುಳಿಸಿದ್ದೆವು. ಅರವತ್ತು ವರ್ಷ ದಾಟಿದ ಮರಗಳು, ಬುಡದ ಭಾಗ ಕಬ್ಬಿಣದ ಹಾಗಿತ್ತು. ಒಂದು ತೊಲೆ ಕಡಿಮೆ ಬಿತ್ತು. ಹೋದ ವರ್ಷ ಗಾಳಿಗೆ ಬಿದ್ದ ಒಂದು ಎಳೆಯ ಮರದ ತುಂಡು ಕೊಟ್ಟಿಗೆಯ ಹಿಂದೆ ಇತ್ತು, ಅದನ್ನು ತರಿಸಿದೆ. ಆಂಜನಪ್ಪ ಉಳಿ ಒತ್ತಿ ನೋಡಿದ. ಒಂದು ಏಟೂ ಹಾಕದೆ ಉಳಿ ಒಳಗೆ ಹೋಯಿತು. ‘ಅಣ್ಣ, ಇದು ಮೆತ್ತಗೈತೆ. ಬರೀ ತಿರುಳು’ ಅಂದ. ನಾನು ಏನು ಹೇಳಿದೆ ಗೊತ್ತಾ? ‘ಇರ್ಲಿ ಬುಡ್ಲಾ. ಗೋಡೆ ಮಗ್ಗುಲಿಗೆ ಹಾಕು, ಮೇಲೆ ಹಲಗೆ ಬತ್ತದೆ. ಒಂದು ವರ್ಷ ತಡೀತದೆ, ಆಮೇಲೆ ನೋಡ್ಕಂಡ್ರಾಯ್ತು.’ ಅವನು ನನ್ನ ಮುಖ ನೋಡಿದ. ಹಿರಿಯನ ಮಾತು, ಏನು ಹೇಳುತ್ತಾನೆ? ಗೋಡೆಯಲ್ಲಿ ಎರಡು ತೂತು ತೆಗೆದು ಗೂಟ ಹೊಡೆದು, ಅವುಗಳ ಮೇಲೆ ಅದನ್ನೇ ಕೂರಿಸಿದ. ಆಗ ಕಾಫಿ ತಂದಿದ್ದ ಸುನಂದಾ ಅಲ್ಲೇ ನಿಂತಿದ್ದಳು. ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

ಜಗಲಿ ಮುಗಿಯಿತು. ಹೊಸ ಅಟ್ಟ ಕಟ್ಟಿದರೆ ನಾವು ಏನು ಮಾಡುತ್ತೇವೆ? ಕಾಯಿ ತುಂಬಿ ಮೂರು ದಿನ ಬಿಡುತ್ತೇವೆ. ಮೂರು ದಿನಕ್ಕೆ ಬಾಗದಿದ್ದರೆ ಮೂವತ್ತು ವರ್ಷಕ್ಕೆ ಬಾಗುವುದಿಲ್ಲ ಅನ್ನುವುದು ನಮ್ಮ ಶಾಸ್ತ್ರ. ಇಲ್ಲೂ ಹಾಗೇ ಮಾಡಿದೆವು. ಪಕ್ಕದ ಮನೆಯ ಮಾಯಣ್ಣ, ಅವನ ಕಡೆಯ ಇಬ್ಬರು ಆಳು, ನಾನು, ಆಂಜನಪ್ಪ ಸೇರಿ ಮಂಕರಿಯಲ್ಲಿ ಹೊತ್ತು ಹೊತ್ತು ಒಂದೂವರೆ ಸಾವಿರ ಕಾಯಿ ಸುರಿದೆವು. ಜಗಲಿ ಕಿರ್ ಅನ್ನಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನಿಂತು, ‘ಏನು ಗಂಗಣ್ಣ, ಮನೆ ಮುಂದೆಯೇ ಕಾಯಿ ಮಂಡಿ ಇಟ್ಟುಬಿಟ್ರಾ?’ ಎಂದು ಕೇಳಿದರು. ನಾನು ಎದೆ ಉಬ್ಬಿಸಿ ನಿಂತಿದ್ದೆ. ಆದರೆ ಆ ಮೂರು ದಿನವೂ ಗಳಿಗೆಗೊಮ್ಮೆ ಬಗ್ಗಿ ಗೋಡೆಯ ಮಗ್ಗುಲನ್ನು ನೋಡುತ್ತಿದ್ದೆ. ಚಿಕ್ಕಗೌರಮ್ಮ, ‘ಏನು ಕಳಕೊಂಡಿದ್ದೀರಿ ಅಲ್ಲಿ?’ ಎಂದು ಕೇಳಿದರೆ, ನಿನ್ನ ಅಡಕತ್ತರಿ ಎಂದೆ. ಅದು ಅವಳ ಸಂಚಿಯಲ್ಲೇ ಇತ್ತು.

ಸೋಮವಾರ ಕಾಯಿ ಇಳಿಸಿದೆವು. ಸಂಜೆ ಎಲ್ಲರೂ ಜಗಲಿಯ ಮೇಲೆಯೇ ಕೂತೆವು. ಸುನಂದಾ ಒಗ್ಗರಣೆ ಅವಲಕ್ಕಿ, ಕಾಫಿ ತಂದಳು. ಮಾಯಣ್ಣ ಕಾಲು ಚಾಚಿ, ‘ಒಂದು ಕಥೆ ಆಗ್ಲಿ ಗಂಗಣ್ಣ, ಹೊಸ ಜಗಲಿ, ಶಾಸ್ತ್ರಕ್ಕಾದ್ರೂ ಬೇಕು’ ಅಂದ. ನಮ್ಮ ಭೂತಮ್ಮಜ್ಜಿ ಹೇಳುತ್ತಿದ್ದ ಏಳು ಜನ ಸೊಸೆಯರ ಕಥೆ ಎತ್ತಿಕೊಳ್ಳೋಣ ಅಂತ ಗಂಟಲು ಸರಿ ಮಾಡಿಕೊಂಡೆ. ಆಗ ಸುನಂದಾ ಹೊಸ್ತಿಲ ಮೇಲೆ ಕೂತು, ‘ದಿನಾ ನೀವೇ ಹೇಳ್ತೀರಲ್ಲ ಭಾವ, ಇವತ್ತು ನಾನೊಂದು ಹೇಳ್ಲಾ? ಹೂಂ ಅನ್ನೋದು ಮಾತ್ರ ನಿಮ್ಮ ಕೆಲಸ’ ಅಂದಳು. ಇಪ್ಪತ್ತಾರು ವರ್ಷದಿಂದ ಈ ಮನೆಯಲ್ಲಿ ಇದ್ದಾಳೆ, ಒಂದು ದಿನ ಕಥೆ ಹೇಳಿದವಳಲ್ಲ. ಎಲ್ಲರೂ ಖುಷಿಯಾಗಿ ‘ಹೇಳವ್ವ, ಹೇಳವ್ವ’ ಎಂದರು. ಅವಳು ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ.

‘ಒಂದೂರಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ ಇದ್ರಂತೆ. ಅಣ್ಣನ ಬಾಯಲ್ಲಿ ಕಥೆ, ತಮ್ಮನ ಕೈಯಲ್ಲಿ ಉಳಿ. ಹೂಂ ಅನ್ನಿ ಭಾವ. ಅವರ ಮನೇಲಿ ಒಂದು ದೊಡ್ಡ ಅಟ್ಟ. ಒಂದು ದಸರಾದಲ್ಲಿ ಅಟ್ಟ ಖಾಲಿಯಾದಾಗ ತಮ್ಮ ಮೇಲೆ ಹತ್ತಿ, ಒಂದೊಂದೇ ತೊಲೆ ಬಡಿದು, ಕಿವಿಗೊಟ್ಟು ಕೇಳ್ದ. ಒಂದು ತೊಲೆ ಮಾತ್ರ ಬೊದ್ ಅಂತ ಟೊಳ್ಳು ಸದ್ದು ಮಾಡ್ತು. ಒಳಗೆಲ್ಲ ಹುಳ ತಿಂದಿತ್ತು. ಇದ್ದಿಲು ತಗಂಡು ಅದರ ನೆತ್ತಿ ಮೇಲೆ ಇಷ್ಟುದ್ದ ಒಂದು ಗುರುತು ಹಾಕ್ದ. ಆಮೇಲೆ ಯಾರದೋ ಅಟ್ಟ ಕಟ್ಟೋಕೆ ಸಂಪಿಗೆ ಕಡೆ ಹೋದ, ಎರಡು ತಿಂಗಳು ಬರ್ನಿಲ್ಲ. ಅಷ್ಟ್ರಲ್ಲಿ ಕಾಯಿ ಕೀಳೋ ಕಾಲ ಬಂತು. ಮೋಡ ಕಟ್ಕೊಂಡಿತ್ತು, ಅಂಗಳದ ತುಂಬ ಕಾಯಿ. ಅಣ್ಣ ಅಟ್ಟ ತುಂಬಿಸ್ದ. ಹೂಂ ಅನ್ನಿ ಭಾವ. ತಮ್ಮ ವಾಪಸ್ ಬಂದು ನೋಡಿದ್ರೆ ಅಟ್ಟ ಪೂರ್ತಿ ತುಂಬೈತೆ, ಗುರುತು ಹಾಕಿದ ಕಡೆನೂ ಕಾಯಿ. ಅವನು ಏನಂದ್ಕೊಂಡ ಗೊತ್ತಾ? ಅಣ್ಣಯ್ಯ ಅಲ್ಲಿ ಕಾಯಿ ಹಾಕ್ಸವ್ನೆ ಅಂದ್ರೆ ತೊಲೆ ಬದಲಾಯಿಸಿಯೇ ಹಾಕ್ಸವ್ನೆ ಅಂತ. ಕೇಳೋದೂ ಬ್ಯಾಡ, ನೋಡೋದೂ ಬ್ಯಾಡ, ಅಣ್ಣಯ್ಯನಲ್ವಾ ಅಂತ. ಶಿವರಾತ್ರಿ ಕಳೆದ ವಾರ ಕಾಯಿ ಒಣಗೈತಾ ಅಂತ ಆಡಿಸಿ ನೋಡೋಕೆ ಮೇಲೆ ಹತ್ತಿ, ನೆಟ್ಟಗೆ ಆ ತೊಲೆ ಮೇಲೇ ಕಾಲಿಟ್ಟ.’

ಅಲ್ಲಿಗೆ ನಿಲ್ಲಿಸಿದಳು. ನಾನು ಹೂಂ ಅನ್ನಲಿಲ್ಲ. ರಂಗನಾಥ, ಈ ಐದು ತಿಂಗಳೂ ನೀನು ಆ ಗುರುತನ್ನು ಮರೆತು ಹತ್ತಿ ಬಿದ್ದೆ ಎಂದೇ ತಿಳಿದಿದ್ದೆ. ತಪ್ಪು ಇಬ್ಬರದ್ದೂ ಎಂದು ನನ್ನ ಪಾಲನ್ನು ನಾನೇ ಅರ್ಧಕ್ಕೆ ಇಳಿಸಿಕೊಂಡಿದ್ದೆ. ನನ್ನನ್ನು ನಂಬಿ ಹತ್ತಿದ್ದೆ ಎಂದು ಆ ಹೊತ್ತಿನ ತನಕ ನನಗೆ ಗೊತ್ತಿರಲಿಲ್ಲ. ನೀನು ಆಸ್ಪತ್ರೆಯಲ್ಲಿ ಸುನಂದಾಗೆ ಒಬ್ಬಳಿಗೇ ಹೇಳಿ, ಯಾರಿಗೂ ಹೇಳಬೇಡ ಎಂದಿದ್ದೆಯಂತೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಅವಳು ಯಾರ ಹೆಸರನ್ನೂ ಹೇಳಲಿಲ್ಲ, ಕಥೆಯನ್ನಷ್ಟೇ ಹೇಳಿದಳು.

ಮಾಯಣ್ಣನ ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗಲಿಲ್ಲ. ಅವನು ಮೆಲ್ಲಗೆ, ‘ಅಣ್ಣ ಆ ಗುರುತು ನೋಡಿದ್ನೇನವ್ವ?’ ಎಂದು ಕೇಳಿದ. ಸುನಂದಾ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತ, ‘ತಮ್ಮ ಅದನ್ನ ಕೇಳ್ನಿಲ್ಲ ಮಾಯಣ್ಣ. ಅವನೇ ಕೇಳ್ದಿದ್ಮೇಲೆ ನಾನ್ಯಾಕೆ ಕೇಳ್ಲಿ? ಈಗ ತಮ್ಮಂಗೆ ಅಣ್ಣ ಇನ್ನೊಂದು ಕಟ್ಟಿಸವ್ನೆ. ಅದ್ರಲ್ಲೂ ಗೋಡೆ ಮಗ್ಗುಲಲ್ಲಿ ಒಂದು ಮೆತ್ತನೆ ತೊಲೆ ಮೇಲೆ ಹಲಗೆ ಮುಚ್ಚವ್ನೆ. ಮುಂದಿಂದು ನಂಗೂ ಗೊತ್ತಿಲ್ಲ’ ಎಂದು ಒಳಗೆ ಹೋದಳು. ಮಾಯಣ್ಣ ಬಿಸಿ ಕಲ್ಲಿನ ಮೇಲಿಂದ ಏಳುವವನ ಹಾಗೆ ಎದ್ದ. ಉಳಿದವರು ಗೋಡೆಯ ಮಗ್ಗುಲನ್ನು ಬಿಟ್ಟು ದೂರ ದೂರ ಕಾಲಿಡುತ್ತ ಇಳಿದು ಹೋದರು. ಒಂದೂವರೆ ಸಾವಿರ ಕಾಯಿ ಮೂರು ದಿನ ಕೂತೆದ್ದ ಜಗಲಿಯ ಮೇಲೆ ಒಬ್ಬರಿಗೂ ನಿಲ್ಲುವ ಧೈರ್ಯ ಇರಲಿಲ್ಲ. ಆಂಜನಪ್ಪ ಮಾತ್ರ ನನ್ನನ್ನು ನೋಡುತ್ತ ನಿಂತಿದ್ದ. ಚಿಕ್ಕಗೌರಮ್ಮ ಆವತ್ತು ನನ್ನನ್ನು ಊಟಕ್ಕೆ ಕರೆಯಲಿಲ್ಲ. ತಟ್ಟೆ ಇಟ್ಟಿದ್ದಳು, ಕರೆಯಲಿಲ್ಲ ಅಷ್ಟೇ.

ಮಂಗಳವಾರ ಬೆಳಗ್ಗೆ, ಯಾರೂ ಏಳುವ ಮುಂಚೆ ಒಬ್ಬನೇ ಮುಗಿಸಿಬಿಡೋಣ ಅಂತ ಹಾರೆ ಹಿಡಿದು ಹೊರಗೆ ಬಂದೆ. ಆಂಜನಪ್ಪ ಆಗಲೇ ಜಗಲಿಯ ಮೇಲೆ ಮಂಡಿಯೂರಿ ಮೊಳೆ ಕೀಳುತ್ತಿದ್ದ. ‘ನಾನೂ ತಪ್ಪು ಮಾಡ್ದೆ ಕಣಣ್ಣ, ಬಾಯಿ ಬಿಡ್ಬೇಕಾಗಿತ್ತು. ರಂಗಣ್ಣನ ಕೈಲಿ ಕಲ್ತು ಇಂಥ ಕೆಲ್ಸ ಮಾಡ್ದೆ’ ಅಂದ. ಸೂರ್ಯ ಹುಟ್ಟುವಷ್ಟರಲ್ಲಿ ಮಾಯಣ್ಣ ಟ್ರ್ಯಾಕ್ಟರಿನಲ್ಲಿ ಒಂದು ಬೇವಿನ ತೊಲೆ ಹಾಕಿಕೊಂಡು ಬಂದ. ತನ್ನ ಕೊಟ್ಟಿಗೆಗೆ ಅಂತ ನಾಲ್ಕು ವರ್ಷದಿಂದ ಒಣಗಿಸಿ ಇಟ್ಟಿದ್ದು. ಕೇಳಿದರೆ, ‘ನನ್ನ ಎಮ್ಮೆ ಏನು ಕಥೆ ಕೇಳಲ್ಲ ಬುಡು’ ಎಂದು ಇಳಿಸಿದ. ಸುನಂದಾ ಸೆರಗು ಸಿಕ್ಕಿಸಿಕೊಂಡು ಹಲಗೆ ಎತ್ತಲು ನಿಂತಳು, ಚಿಕ್ಕಗೌರಮ್ಮ ಮಂಡಿ ಹಿಡಿದುಕೊಂಡೇ ಕಿತ್ತ ಮೊಳೆಗಳನ್ನು ಆರಿಸಿದಳು. ಗೋಡೆಯ ಮಗ್ಗುಲಿನ ಆ ತೊಲೆಯನ್ನು ಎಳೆದೆವು. ಎಳೆಯುವುದೇನು, ಕೈ ಹಾಕಿದ ಕೂಡಲೇ, ಕಾಯಿಯ ಭಾರಕ್ಕೆ ಸಡಿಲಾಗಿದ್ದ ಗೂಟದ ತೂತಿನಿಂದ ಮಣ್ಣು ಸುರಿದು ತಾನಾಗಿ ಜಾರಿ ಬಂತು. ತೊಲೆ ಗಟ್ಟಿಯಿದ್ದಿದ್ದರೂ ಆ ಮಣ್ಣಿನ ಗೋಡೆ ಅದನ್ನು ಹಿಡಿಯುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಮನೆಯೊಳಗಿನ ಅಟ್ಟದ ತೊಲೆ ಗೋಡೆಯ ತಲೆಯ ಮೇಲೆ ಕೂರುತ್ತದೆ, ಇದು ಗೋಡೆಯ ಹೊಟ್ಟೆಯಲ್ಲಿ ನೇತಾಡುತ್ತಿತ್ತು. ‘ಗೋಡೆ ತಂಟೆಯೇ ಬ್ಯಾಡ, ನಾಲ್ಕು ಕಡೆನೂ ಕಲ್ಲುಕಂಬ ನಿಲ್ಸಾನ, ಹಗೇವು ಬಿಟ್ಟು ಅತ್ಲಾಗೆ’ ಎಂದು ಆಂಜನಪ್ಪ ಅಲ್ಲೇ ನೆಲದ ಮೇಲೆ ಗೆರೆ ಎಳೆದ. ಆಮೇಲೆ ಎಲ್ಲ ತೊಲೆಗಳನ್ನೂ ಅಂಗಳದಲ್ಲಿ ಸಾಲಾಗಿ ಮಲಗಿಸಿದೆವು. ಹಿಂದಿನ ಸಂಜೆ ಕಥೆ ಕೇಳಿದವರೆಲ್ಲ ಒಬ್ಬೊಬ್ಬರೇ ಬಂದರು, ಮಾಯಣ್ಣನ ಆಳುಗಳೂ ಬಂದರು. ಒಬ್ಬೊಬ್ಬರು ಒಂದೊಂದು ತೊಲೆಯ ಮುಂದೆ ಕೂತು, ಕೊಡಲಿಯ ಹಿಂಬದಿಯಿಂದ ಬಡಿದು, ಮರಕ್ಕೆ ಕಿವಿ ಹಚ್ಚಿ ಕೇಳಿದರು. ಆ ಎಳೆಯ ತೊಲೆಯೂ ಸೇರಿ ಸುನಂದಾ ಮೂರನ್ನು ಬೇಡ ಅಂದಳು. ಆ ಮೂರನ್ನೂ ನಾನೇ ಹೊತ್ತುಕೊಂಡು ಹೋಗಿ ಹಂಡೆ ಒಲೆಗೆ ಸೀಳಿದೆ. ಕಲ್ಲುಕಂಬ ನಿಂತ ಮೇಲೆ ಗಟ್ಟಿ ತೊಲೆಗಳ ಮೇಲೆಯೇ ಜಗಲಿ ಮತ್ತೆ ಏಳುತ್ತದೆ.

ಕಾಲಕಾಲಕ್ಕೆ ಊಟ ಮಾಡು. ಅಲ್ಲಿ ನಿನಗೆ ಕುರ್ಚಿ ತಳ್ಳಲು ಕಲಿಸುತ್ತಿರುವ ಪುಣ್ಯಾತ್ಮರಿಗೆ ನಮ್ಮ ನಮಸ್ಕಾರ ಹೇಳು. ನಿನ್ನ ಅತ್ತಿಗೆ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿದ್ದಾಳೆ. ಹಂಚಿಕೊಂಡು ತಿನ್ನಬೇಕಂತೆ, ಒಬ್ಬನೇ ತಿನ್ನಬಾರದಂತೆ. ಆಂಜನಪ್ಪ, ಮಾಯಣ್ಣ ನಿನ್ನನ್ನು ಕೇಳಿದರು. ನಿನ್ನ ಬೆನ್ನಿಗೆ, ನಿನ್ನ ತೋಳಿಗೆ ದೇವರು ಬಲ ಕೊಡಲಿ, ನೂರು ವರ್ಷ ಬಾಳು.

ನಿನ್ನ ಅಣ್ಣಯ್ಯ,
ಗಂಗಾಧರಯ್ಯ

ತಾ.ಕ.: ಅಂಚೆಗೆ ಹಾಕಲು ಮಾಯಣ್ಣ ಬೈಕ್ ಚಾಲೂ ಮಾಡಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನೂ ಕೇಳಲಿಲ್ಲ, ಸುನಂದಾನೂ ಕೇಳಲಿಲ್ಲ. ನೋಡಿದ್ದೆ ಕಣೋ. ನಿನ್ನ ಗುರುತನ್ನು ನೋಡಿದ್ದೆ. ನೋಡಿಯೇ ಮೊದಲನೆಯ ಮಂಕರಿ ಅಲ್ಲಿ ಸುರಿದೆ, ಆಳುಗಳು ನೋಡಿದರೆ ಬೇಡ ಅಂದಾರು ಅಂತ. ಇವತ್ತು ಬೆಳಗ್ಗೆ ಸುನಂದಾಗೆ, ನಿನ್ನ ಅತ್ತಿಗೆಗೆ ಇಬ್ಬರಿಗೂ ಹೇಳಿದ್ದೇನೆ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಸುನಂದಾ ಜೊತೆ ನಾನೂ ಬರುತ್ತೇನೆ. ಬರಬೇಡ ಅನ್ನುವುದಾದರೆ ಅಷ್ಟರೊಳಗೆ ಫೋನು ಮಾಡು. ಸುನಂದಾಗೆ ಹೇಳಿ ಕಳಿಸಬೇಡ, ನನಗೇ ಹೇಳು.